ಮೂಕಪ್ರಾಣಿಗೆ ಸಾಕ್ಷಿ ಯಾರು?

ಮಾತು ಬಾರದ ಜೀವಿಗಳನ್ನು ಮೂಕಪ್ರಾಣಿಗಳೆಂದು ಕರೆಯುವುದು ನಮ್ಮಲ್ಲಿ ಬಹು ಹಿಂದಿನಿಂದ ಬಂದ ವಾಡಿಕೆ. ಆ ಹೆಸರಿನಲ್ಲಿ ಮರುಕವೇನೋ ಇದೆ. ಆದರೆ ಅದು ಪೂರ್ತಿ ನಿಜವಲ್ಲ. ಹೆಗಲು ಹುಣ್ಣಾದ ಎತ್ತು ನೊಗವನ್ನು ಕಂಡೊಡನೆ ಕತ್ತನ್ನು ಓರೆಮಾಡುವುದು. ಕಾಲು ಮುರಿದ ನಾಯಿ ಮೂರು ಕಾಲಿನ ಮೇಲೆ ಕುಂಟುತ್ತ ಗೋಡೆಯ ಮರೆಯನ್ನು ಹುಡುಕುವುದು. ಬಹಳ ಹೊತ್ತು ನೀರು ಕಾಣದ ಎಮ್ಮೆಯ ಕಣ್ಣು ಗುಳಿಬೀಳುವುದು. ಇವೆಲ್ಲ ಒಂದು ಬಗೆಯ ಭಾಷೆಯೇ ಅಲ್ಲವೆ? ಪ್ರಾಣಿಗೆ ಬಾಯಿಲ್ಲದಿದ್ದರೂ ಅದರ ದೇಹವು ತನ್ನ ಕಷ್ಟವನ್ನು ಸ್ಪಷ್ಟವಾಗಿಯೇ ಬರೆದು ತೋರಿಸುತ್ತದೆ. ಅದನ್ನು ಓದುವವರು ಬೇಕು, ಅಷ್ಟೆ.

ಪ್ರಾಣಿಹಿಂಸೆಯನ್ನು ತಡೆಯುವ ಕೆಲಸದಲ್ಲಿ ಮೊದಲನೆಯ ಮೆಟ್ಟಿಲು ಈ ಬರಹವನ್ನು ಓದಲು ಕಲಿಯುವುದು; ಎರಡನೆಯದು ಓದಿದ್ದನ್ನು ಸಲ್ಲಬೇಕಾದ ಕಡೆಗೆ ಸಕಾಲದಲ್ಲಿ ಮುಟ್ಟಿಸುವುದು. ಪ್ರಯೋಗಶಾಲೆಯಲ್ಲಿ ಕಣ್ಣಿಟ್ಟು ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸವಿರುವ ವಿದ್ಯಾರ್ಥಿಗಳಿಗೆ ಈ ಎರಡೂ ಅಸಾಧ್ಯವಾದ ಕೆಲಸಗಳಲ್ಲ.

ನೋವಿನ ದಾರಿ

ಪ್ರಾಣಿಗಳಿಗೆ ನೋವು ತಿಳಿಯುತ್ತದೆಯೆ ಎಂಬ ಪ್ರಶ್ನೆ ಇಂದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ 17ನೆಯ ಶತಮಾನದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟನು ಪ್ರಾಣಿಗಳ ದೇಹವನ್ನು ಯಂತ್ರಕ್ಕೆ ಹೋಲಿಸಿದನು. ಅವನ ಅನುಯಾಯಿಗಳು ಇನ್ನೂ ಮುಂದೆ ಹೋಗಿ, ಪೆಟ್ಟು ತಿಂದ ನಾಯಿಯ ಕೂಗಿಗೂ ಯಂತ್ರದ ಕಿರುಗುಟ್ಟುವಿಕೆಗೂ ಭೇದವಿಲ್ಲವೆಂದು ವಾದಿಸಿದರು. ಈ ಅಭಿಪ್ರಾಯ ಸಡಿಲಗೊಳ್ಳಲು ಬಹಳ ಕಾಲ ಹಿಡಿಯಿತು. 1872ರಲ್ಲಿ ಚಾರ್ಲ್ಸ್ ಡಾರ್ವಿನ್ನನು ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ಹೊರಗೆ ತೋರುವ ಬಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಇವೆರಡರ ನಡುವೆ ಇರುವ ಸಂಬಂಧವನ್ನು ತೋರಿಸಿಕೊಟ್ಟನು. 1906ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಷೆರಿಂಗ್ಟನ್ ನರಮಂಡಲದ ಕಾರ್ಯವನ್ನು ವಿವರಿಸುತ್ತ, ದೇಹಕ್ಕೆ ಹಾನಿಮಾಡುವಂಥ ಪ್ರಚೋದನೆಗಳನ್ನು ಗ್ರಹಿಸುವ ನರಾಗ್ರಗಳಿಗೆ ಪ್ರತ್ಯೇಕವಾದ ಒಂದು ಹೆಸರನ್ನು ಕೊಟ್ಟನು. ಅವುಗಳನ್ನು ನಾವು ನೋವುಗ್ರಾಹಕಗಳೆಂದು ಕರೆಯೋಣ.

ಕತ್ತಲಲ್ಲಿ ಎಡವಿದಾಗ ನಮಗೆ ಆಗುವ ಅನುಭವವನ್ನು ನೆನಪಿಗೆ ತಂದುಕೊಳ್ಳಿರಿ. ಮೊದಲು ಚುರ್ರೆಂದು ಹರಿತವಾದ ನೋವು; ಕ್ಷಣಮಾತ್ರದ ತರುವಾಯ ಬಹಳ ಹೊತ್ತು ಉಳಿಯುವ ಮಂದವಾದ ನೋವು. ಎರಡು ಬೇರೆ ಬೇರೆ ನರತಂತುಗಳು ಈ ಎರಡು ಸುದ್ದಿಗಳನ್ನು ಒಯ್ಯುತ್ತವೆ. ತೆಳುವಾದ ಕೊಬ್ಬಿನ ಹೊದಿಕೆಯುಳ್ಳ ತಂತುಗಳಲ್ಲಿ ಸುದ್ದಿಯು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸಾಗುವುದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ಈ ಎರಡು ಬಗೆಯ ತಂತುಗಳೂ, ಅವು ಸೇರುವ ಬೆನ್ನುಹುರಿಯೂ, ಬೆನ್ನುಹುರಿಯಿಂದ ಮಿದುಳಿಗೆ ಏರುವ ದಾರಿಯೂ ಮನುಷ್ಯನಲ್ಲಿರುವಂತೆಯೇ ಎತ್ತು, ಕುದುರೆ, ನಾಯಿ, ಬೆಕ್ಕುಗಳಲ್ಲಿಯೂ ಇವೆ. ನಮ್ಮ ನೋವನ್ನು ತಣಿಸುವ ಹಲವು ಔಷಧಿಗಳು ಅವುಗಳ ನೋವನ್ನೂ ತಣಿಸುತ್ತವೆ. ಸಸ್ತನಿಗಳ ಮಾತು ಹಾಗಿರಲಿ. 2003ರಲ್ಲಿ ಟ್ರೌಟ್ ಎಂಬ ಮೀನಿನ ಮುಖದಲ್ಲಿಯೂ ನೋವುಗ್ರಾಹಕಗಳಿರುವುದನ್ನು ವಿಜ್ಞಾನಿಗಳು ಕಂಡುಹಿಡಿದರು.

ಹಾಗಾದರೆ ದನಕರುಗಳು ನಮ್ಮಂತೆ ಗೋಳಿಡುವುದಿಲ್ಲವೇಕೆ? ಬೇಟೆಗೆ ತುತ್ತಾಗುವ ಪ್ರಾಣಿಗಳಿಗೆ ನೋವನ್ನು ಅಡಗಿಸಿಕೊಳ್ಳುವುದೇ ಕ್ಷೇಮ. ಹಿಂಡಿನಲ್ಲಿ ಕುಂಟುವ ಜಿಂಕೆಯ ಮೇಲೆಯೇ ಚಿರತೆಯ ಕಣ್ಣು ಮೊದಲು ಬೀಳುವುದಷ್ಟೆ. ಆದ್ದರಿಂದ ಎತ್ತು ಸುಮ್ಮನೆ ನಿಂತಿದೆಯೆಂದ ಮಾತ್ರಕ್ಕೆ ಅದಕ್ಕೆ ನೋವಿಲ್ಲವೆಂದು ತಿಳಿಯುವುದು ತಪ್ಪು. ಅಡಗಿಸಿದ ನೋವೂ ಸೂಕ್ಷ್ಮವಾಗಿ ಹೊರಬೀಳುವುದುಂಟು. 2010ರಲ್ಲಿ ಕೆನಡಾದ ವಿಜ್ಞಾನಿಗಳು ಇಲಿಯ ಮುಖಭಾವದಿಂದಲೇ ಅದರ ನೋವನ್ನು ಅಳೆಯುವ ಒಂದು ಮಾನವನ್ನು ರಚಿಸಿದರು. 2014ರಲ್ಲಿ ಕುದುರೆಗೂ ಅಂಥದೊಂದು ಮಾನ ಸಿದ್ಧವಾಯಿತು. ನೋವಿನಲ್ಲಿರುವ ಕುದುರೆಯ ಕಿವಿಗಳು ಹಿಂದಕ್ಕೆ ಬಿಗಿಯುತ್ತವೆ, ಕಣ್ಣು ಕಿರಿದಾಗುತ್ತದೆ, ದವಡೆಯ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಜಟಕಾ ಕುದುರೆಯ ಮುಖವನ್ನು ಒಂದು ನಿಮಿಷ ದಿಟ್ಟಿಸಿ ನೋಡುವ ತಾಳ್ಮೆಯುಳ್ಳವನಿಗೆ ಇವು ಕಾಣದೆ ಇರವು.

ನೊಗದ ಕೆಳಗಿನ ಗಣಿತ

ಒಂದು ಉದಾಹರಣೆಯನ್ನು ಸ್ವಲ್ಪ ಆಳವಾಗಿ ವಿಚಾರಿಸೋಣ. ನಮ್ಮ ನಾಡಿನ ಎತ್ತಿನ ಹೆಗಲಹುಣ್ಣು ಎಲ್ಲರಿಗೂ ಪರಿಚಿತವಾದದ್ದು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಗಾಡಿಗಳಲ್ಲಿ ಇದನ್ನು ಕಾಣಬಹುದು. ಇದು ಏಕೆ ಆಗುವುದು?

ಎತ್ತು ಬಹಳ ಹೊತ್ತು ಎಳೆಯಬಲ್ಲ ಬಲವು ಅದರ ತೂಕದ ಸುಮಾರು ಹತ್ತನೆಯ ಒಂದು ಪಾಲು. 300 ಕಿಲೋಗ್ರಾಂ ತೂಗುವ ಎತ್ತು 30 ಕಿಲೋಗ್ರಾಂ ಬಲದಿಂದ ಎಳೆಯುತ್ತದೆಯೆನ್ನಿ. ಈ ಬಲವೆಲ್ಲ ನೊಗವು ಹೆಗಲಿಗೆ ತಾಗುವ ಜಾಗದ ಮೂಲಕವೇ ಗಾಡಿಗೆ ಮುಟ್ಟಬೇಕು. ದುಂಡನೆಯ ನೊಗ ತಾಗುವ ಜಾಗ 100 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೆಯೂ 300 ಗ್ರಾಂ ಒತ್ತಡ ಬಿದ್ದಂತಾಯಿತು. ಪಾದರಸದ ಕಂಬದಲ್ಲಿ ಹೇಳುವುದಾದರೆ ಇದು ಸುಮಾರು 220 ಮಿಲಿಮೀಟರ್. ಚರ್ಮದಲ್ಲಿ ಹರಡಿರುವ ಲೋಮನಾಳಗಳೊಳಗಿನ ರಕ್ತದ ಒತ್ತಡವಾದರೋ ಮನುಷ್ಯನಲ್ಲಿ 30 ಮಿಲಿಮೀಟರಿನ ಆಸುಪಾಸಿನದು. ಎತ್ತಿನಲ್ಲಿಯೂ ಅದು ಇದಕ್ಕಿಂತ ಬಹು ದೂರವಿರಲಾರದು. ಹೊರಗಿನ ಒತ್ತಡವು ಒಳಗಿನದನ್ನು ಹೀಗೆ ಮೀರಿದಾಗ ನಾಳಗಳು ಮುಚ್ಚಿಕೊಂಡು, ಅಲ್ಲಿನ ಜೀವಕೋಶಗಳಿಗೆ ಆಮ್ಲಜನಕವೂ ಆಹಾರವೂ ನಿಂತುಹೋಗುತ್ತವೆ. ಸ್ವಲ್ಪ ಹೊತ್ತಾದರೆ ಬಾಧಕವಿಲ್ಲ. ನೊಗ ಇಳಿಸಿದೊಡನೆ ರಕ್ತ ಮತ್ತೆ ಹರಿಯುತ್ತದೆ. ಗಂಟೆಗಟ್ಟಲೆ ಹಾಗೆಯೇ ಇದ್ದರೆ ಕೋಶಗಳು ಸಾಯುತ್ತವೆ. ಅದರ ಮೇಲೆ ಬೆವರು, ಮಳೆ, ಧೂಳು, ನೊಗದ ಉಜ್ಜಾಟ ಸೇರಿದಾಗ ಚರ್ಮ ಕಿತ್ತು ಹುಣ್ಣಾಗುವುದು.

ಈ ಲೆಕ್ಕದಿಂದಲೇ ಪರಿಹಾರವೂ ಹೊರಡುತ್ತದೆ. ನೊಗದ ತಾಗುವ ಭಾಗವನ್ನು ಅಗಲವಾಗಿ ನುಣುಪಾಗಿ ಕೆತ್ತಿಸಿ ಮೆತ್ತೆ ಕಟ್ಟಿದರೆ ಒತ್ತಡ ಅರ್ಧಕ್ಕೆ ಇಳಿಯಬಹುದು. ಅಚ್ಚಿಗೆ ಕಾಲಕಾಲಕ್ಕೆ ಕೀಲೆಣ್ಣೆ ಹಾಕಿದರೆ ಎಳೆತ ಹಗುರವಾಗುವುದು. ನಡುನಡುವೆ ನೊಗ ಇಳಿಸಿದರೆ ರಕ್ತಸಂಚಾರ ಮರಳುವುದು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನೇ ಒಂದು ವ್ರತವಾಗಿ ಕೈಗೊಂಡು, ಗಾಡಿ ಸುಧಾರಿಸಿದರೆ ಎತ್ತಿಗೂ ರೈತನಿಗೂ ಏಕಕಾಲದಲ್ಲಿ ಲಾಭವೆಂದು ಸಾರುತ್ತ ಬಂದರು.

ಸರ್ಕಾರವು 1965ರಲ್ಲಿ ರಚಿಸಿದ ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ನಿಯಮಗಳನ್ನು ಈ ಬೆಳಕಿನಲ್ಲಿ ಓದಿದರೆ ಅವುಗಳ ಅರ್ಥ ಚೆನ್ನಾಗಿ ತಿಳಿಯುವುದು. 200ರಿಂದ 350 ಕಿಲೋಗ್ರಾಂ ತೂಗುವ ಮಧ್ಯಮ ಗಾತ್ರದ ಒಂದು ಎತ್ತಿಗೆ, ಗಾಳಿ ತುಂಬಿದ ಟೈರಿಲ್ಲದ ಎರಡು ಚಕ್ರದ ಗಾಡಿಯಲ್ಲಿ 700 ಕಿಲೋಗ್ರಾಮಿಗಿಂತ ಹೆಚ್ಚು ಹೇರಕೂಡದು. ಗಾಳಿಯ ಟೈರಿದ್ದರೆ 1050 ಕಿಲೋಗ್ರಾಂವರೆಗೆ ಹೇರಬಹುದು. ಎತ್ತು ಅದೇ, ಚಕ್ರ ಬೇರೆಯಾದ್ದರಿಂದ ಮಿತಿಯೂ ಬೇರೆ. ದಿನವೊಂದಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ಕಾಲ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ಕಾಲ ದುಡಿಸಕೂಡದು. ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಊರುಗಳಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಗಾಡಿ ಹೂಡುವಂತಿಲ್ಲ. ಮೊಳೆಗೋಲಿನಿಂದ ತಿವಿಯುವುದೂ ನಿಷಿದ್ಧ.

ಅಜ್ಞಾನ, ಅಗತ್ಯ, ದುಷ್ಟತನ

ಪ್ರಾಣಿಗಳಿಗೆ ಒದಗುವ ಹಿಂಸೆಯೆಲ್ಲವೂ ದುಷ್ಟತನದಿಂದ ಹುಟ್ಟಿದ್ದಲ್ಲ. ನಾಯಿಮರಿಯ ಬಾಲಕ್ಕೆ ಪಟಾಕಿ ಕಟ್ಟುವವನೂ ಬೀದಿನಾಯಿಗೆ ವಿಷವಿಕ್ಕುವವನೂ ದುಷ್ಟರೇ ಸರಿ. ಆದರೆ ಬಹುಪಾಲು ಹಿಂಸೆಗೆ ಅಜ್ಞಾನವೋ ಬಡತನವೋ ಕಾರಣ.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆಯನ್ನು ಕೇಳಿ ನಾವು ನಗುತ್ತೇವೆ. ಆದರೆ ಜ್ವರ ಬಂದ ಎತ್ತಿಗೇ ಬರೆಯೆಳೆದರೂ ಅದು ಚಿಕಿತ್ಸೆಯಾಗಲಾರದು. ರೋಗಾಣುವಿನಿಂದ ಬಂದ ಜ್ವರಕ್ಕೆ ಸುಟ್ಟ ಗಾಯವೊಂದು ಹೆಚ್ಚಾಗುವುದು, ಅಷ್ಟೆ. ನಾಗರಪಂಚಮಿಯ ದಿನ ಹಾವಿಗೆ ಹಾಲೆರೆಯುವವರ ಮನಸ್ಸಿನಲ್ಲಿ ಭಕ್ತಿಯಿದೆಯೇ ಹೊರತು ಕ್ರೌರ್ಯವಿಲ್ಲ. ಆದರೂ ಹಾವು ಮಾಂಸಾಹಾರಿ. ಹಾಲು ಅದರ ಆಹಾರವಲ್ಲ. ಬುಟ್ಟಿಯಲ್ಲಿ ಹೊತ್ತು ತಂದ ನಾಗರಹಾವು ಹಾಲು ಕುಡಿಯುವುದು ಹಲವು ದಿನ ನೀರಿಲ್ಲದೆ ಬಾಯಾರಿರುವುದರಿಂದ. ಅದರ ಹಲ್ಲು ಕಿತ್ತಿರುವುದೂ ಬಾಯಿ ಹೊಲಿದಿರುವುದೂ ಉಂಟು.

ಬಡತನದಿಂದ ನಡೆಯುವ ಹಿಂಸೆಗೆ ಕರಡಿಯಾಟ ಒಳ್ಳೆಯ ಉದಾಹರಣೆ. ಮೂತಿಗೆ ರಂಧ್ರ ಕೊರೆದು ಹಗ್ಗ ಪೋಣಿಸಿ ಕುಣಿಸುವ ಕರಡಿ ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಸಾಮಾನ್ಯ ದೃಶ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಅದು ನಿಲ್ಲಲಿಲ್ಲ. ಏಕೆಂದರೆ ಕರಡಿಯ ಹಗ್ಗದ ಇನ್ನೊಂದು ತುದಿಯಲ್ಲಿ ಒಂದು ಬಡ ಸಂಸಾರವಿತ್ತು. ಕರಡಿಯನ್ನು ಒಪ್ಪಿಸಿದ ಕಲಂದರ್ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನೂ ಮಕ್ಕಳಿಗೆ ಶಾಲೆಯನ್ನೂ ಒದಗಿಸುವ ಕೆಲಸ ಜೊತೆಜೊತೆಗೆ ನಡೆದಾಗ ಮಾತ್ರ ಕರಡಿಗಳು ಬಿಡುಗಡೆ ಹೊಂದಿದವು. ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿ ಅಂಥ ಕರಡಿಗಳಿಗೆ ಆಶ್ರಯ ದೊರೆಯಿತು. ಹಿಂಸೆಗೆ ಕಾರಣವೇನೆಂದು ತಿಳಿಯದೆ ಮದ್ದು ಹುಡುಕಿದರೆ ಫಲವಿಲ್ಲವೆಂಬುದನ್ನು ಈ ಪ್ರಸಂಗ ಕಲಿಸುತ್ತದೆ. ಅಜ್ಞಾನಕ್ಕೆ ತಿಳಿವಳಿಕೆ, ಬಡತನಕ್ಕೆ ಅನ್ಯ ಮಾರ್ಗ, ದುಷ್ಟತನಕ್ಕೆ ದಂಡನೆ — ಒಂದೊಂದಕ್ಕೂ ಒಂದೊಂದು ಚಿಕಿತ್ಸೆ.

ಕಾನೂನಿನ ಬಲ ಮತ್ತು ಮಿತಿ

ಪ್ರಾಣಿಗಳ ಪರವಾದ ಕಾನೂನಿಗೆ ಎರಡು ಶತಮಾನಗಳ ಇತಿಹಾಸವಿದೆ. 1822ರಲ್ಲಿ ರಿಚರ್ಡ್ ಮಾರ್ಟಿನ್ ಎಂಬ ಶಾಸನಸಭಾ ಸದಸ್ಯನ ಪ್ರಯತ್ನದಿಂದ ಬ್ರಿಟನ್ನಿನಲ್ಲಿ ದನಕುದುರೆಗಳಿಗೆ ರಕ್ಷಣೆ ನೀಡುವ ಕಾಯಿದೆ ಆಯಿತು. ಭಾರತದಲ್ಲಿ 1861ರಲ್ಲಿ ಕಲ್ಕತ್ತೆಯಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. 1890ರಲ್ಲಿ ಒಂದು ಕಾಯಿದೆ ಬಂದಿತು. ಅದು ಸಾಲದೆಂದು ರಾಜ್ಯಸಭೆಯಲ್ಲಿ ವಾದಿಸಿದವರು ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು. ಅವರ ಪರಿಶ್ರಮದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಅಂಗೀಕಾರವಾಯಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. 1976ರ ತಿದ್ದುಪಡಿಯ ಮೂಲಕ, ಜೀವಿಗಳಲ್ಲಿ ದಯೆ ತೋರುವುದು ಪ್ರಜೆಗಳ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವೂ ಸಾರಿತು.

1960ರ ಕಾಯಿದೆಯ 11ನೆಯ ಕಲಮು ಎಲ್ಲರೂ ತಿಳಿದಿರಬೇಕಾದದ್ದು. ಹೊಡೆಯುವುದು, ಒದೆಯುವುದು, ಮಿತಿಮೀರಿ ಹೇರುವುದು, ರೋಗ ಅಥವಾ ಹುಣ್ಣಿನಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು, ನೋವಾಗುವಂತೆ ವಾಹನದಲ್ಲಿ ತುಂಬಿ ಸಾಗಿಸುವುದು, ತಿರುಗಾಡಲು ಎಡೆಯಿಲ್ಲದ ಪಂಜರದಲ್ಲಿ ಇಡುವುದು, ತೀರ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸಾಕಿದವನೇ ಅನ್ನ ನೀರು ನೆರಳು ಕೊಡದಿರುವುದು, ಕಾರಣವಿಲ್ಲದೆ ಬೀದಿಗೆ ಬಿಡುವುದು — ಇವೆಲ್ಲವೂ ಅಪರಾಧಗಳು. ಸುಮ್ಮನಿದ್ದು ಉಪವಾಸ ಕೆಡವುವುದೂ ಹೊಡೆದಷ್ಟೇ ಅಪರಾಧವೆಂಬುದನ್ನು ಗಮನಿಸಬೇಕು.

ದಂಡನೆ ಮಾತ್ರ ಅತಿ ಅಲ್ಪ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ. ಈ ಅಂಕಿಗಳು ಬಹಳ ಹಳೆಯವು. ಆದರೆ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನಗೊಳಿಸುವುದು ಇವುಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಮೇರೆಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಇಲ್ಲಿ ಎರಡು ವಿಷಯಗಳು ನೆನಪಿರಲಿ. 1960ರ ಕಾಯಿದೆಯ ಮೇರೆಗೆ ಹೂಡುವ ಮೊಕದ್ದಮೆಯನ್ನು ಅಪರಾಧ ನಡೆದ ದಿನದಿಂದ ಮೂರು ತಿಂಗಳೊಳಗೆ ಹೂಡಬೇಕು, ಆಮೇಲೆ ಅವಕಾಶವಿಲ್ಲ. ಆದ್ದರಿಂದ ‘ನಾಳೆ ನೋಡೋಣ’ ಎಂಬುದು ಇಲ್ಲಿ ಸಲ್ಲದು. ಎರಡನೆಯದಾಗಿ, 11ನೆಯ ಕಲಮಿನ ಹೆಚ್ಚಿನ ಅಪರಾಧಗಳಲ್ಲಿ ಪೊಲೀಸರು ದಂಡಾಧಿಕಾರಿಯ ಅನುಮತಿಯಿಲ್ಲದೆ ತನಿಖೆ ನಡೆಸಲಾರರು. ದೂರನ್ನು ದಾಖಲೆಯಲ್ಲಿ ಬರೆದುಕೊಂಡು, ದೂರುದಾರನನ್ನು ದಂಡಾಧಿಕಾರಿಯ ಬಳಿಗೆ ಕಳುಹಿಸುವುದು ಕ್ರಮ. ಆದರೂ ಹಿಂಸೆಗೊಳಗಾದ ಪ್ರಾಣಿಯನ್ನು ವಶಕ್ಕೆ ತೆಗೆದುಕೊಂಡು ಪರೀಕ್ಷೆಗೆ ಒಪ್ಪಿಸುವ ಅಧಿಕಾರ ಕಾನ್‌ಸ್ಟೇಬಲಿಗಿಂತ ಮೇಲಿನ ದರ್ಜೆಯ ಪೊಲೀಸು ಅಧಿಕಾರಿಗೆ ಇದೆ. ವಿಷವಿಕ್ಕಿ ಕೊಲ್ಲುವಂಥ ಘೋರ ಕೃತ್ಯವಾದರೆ ಪೊಲೀಸರು ತಾವೇ ನೇರವಾಗಿ ಕ್ರಮ ಕೈಗೊಳ್ಳಬಹುದು.

ದೂರು ಬರೆಯುವ ಬಗೆ

ಒಳ್ಳೆಯ ದೂರು ಒಳ್ಳೆಯ ಪ್ರಯೋಗವರದಿಯಂತಿರಬೇಕು. ‘ಆ ಮನುಷ್ಯ ಪರಮ ಕ್ರೂರಿ, ಎತ್ತನ್ನು ಕೊಲ್ಲುತ್ತಿದ್ದಾನೆ’ ಎಂದು ಬರೆದರೆ ಬರೆದವನ ಕೋಪ ತಿಳಿಯುವುದೇ ಹೊರತು ಎತ್ತಿನ ಸ್ಥಿತಿ ತಿಳಿಯದು. ಅದರ ಬದಲು ಹೀಗೆ ಬರೆಯಬಹುದು: ‘ಈ ದಿನ ಬೆಳಗ್ಗೆ 10 ಗಂಟೆ 20 ನಿಮಿಷಕ್ಕೆ ಸಂತೆಯ ಬಯಲಿನ ಬಾಗಿಲ ಬಳಿ ಇಟ್ಟಿಗೆ ತುಂಬಿದ ಜೋಡೆತ್ತಿನ ಗಾಡಿ ನಿಂತಿತ್ತು. ಎಡಗಡೆಯ ಬಿಳಿ ಎತ್ತಿನ ಹೆಗಲ ಮೇಲೆ ಅಂಗೈಯಗಲದ ಹಸಿ ಹುಣ್ಣಿತ್ತು. ನೊಗ ಆ ಹುಣ್ಣಿನ ಮೇಲೆಯೇ ಕೂತಿತ್ತು. ಎತ್ತು ಮುಂದಿನ ಬಲಗಾಲನ್ನು ಊರುತ್ತಿರಲಿಲ್ಲ. ನನ್ನೊಡನೆ ಇನ್ನಿಬ್ಬರು ಇದನ್ನು ನೋಡಿದ್ದಾರೆ.’ ಇದರಲ್ಲಿ ಬಯ್ಗಳವಿಲ್ಲ, ಊಹೆಯಿಲ್ಲ. ಆದರೆ ಪಶುವೈದ್ಯರಿಗೂ ದಂಡಾಧಿಕಾರಿಗೂ ಬೇಕಾದದ್ದೆಲ್ಲ ಇದೆ.

ಏನು ನೋಡಬೇಕು? ಪಕ್ಕೆಲುಬುಗಳೂ ಸೊಂಟದ ಮೂಳೆಗಳೂ ಎದ್ದು ಕಾಣುತ್ತಿವೆಯೆ? ಕಣ್ಣು ಗುಳಿಬಿದ್ದಿದೆಯೆ? ದನ ಬಾಯಿ ತೆರೆದು ನಾಲಗೆ ಹೊರಚಾಚಿ ಏದುಸಿರು ಬಿಡುತ್ತಿದೆಯೆ? ಹಾಗಿದ್ದರೆ ಅದು ಬಿಸಿಲಿನ ತಾಪವನ್ನು ತಡೆಯಲಾರದ ಸ್ಥಿತಿಗೆ ಮುಟ್ಟಿದೆಯೆಂದು ತಿಳಿಯಬೇಕು. ಗಾಯ ಹೊಸದೋ ಹಳೆಯದೋ? ಕಟ್ಟಿದ ಜಾಗದಲ್ಲಿ ನೀರಿದೆಯೆ, ನೆರಳಿದೆಯೆ? ಒಂದೇ ದಿನದ ನೋಟಕ್ಕಿಂತ ನಾಲ್ಕು ದಿನದ ನೋಟಕ್ಕೆ ಬೆಲೆ ಹೆಚ್ಚು. ಪ್ರಾಣಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ಕಾಯಬಾರದು. ಸಾಧ್ಯವಾದರೆ ಛಾಯಾಚಿತ್ರ ತೆಗೆದು ದಿನಾಂಕವನ್ನು ಗುರುತಿಸಿಡಬೇಕು.

ಯಾರಿಗೆ ತಿಳಿಸಬೇಕು? ಗಾಯಗೊಂಡ ಪ್ರಾಣಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬಹುದು. ಕರ್ನಾಟಕದಲ್ಲಿ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಎಂಬ ದೂರವಾಣಿ ಸಂಖ್ಯೆಯಿದೆ. ಹಿಂಸೆ ಕಣ್ಣೆದುರಿಗೇ ನಡೆಯುತ್ತಿದ್ದರೆ 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು. ಬರಹದ ದೂರನ್ನು ಠಾಣೆಗೂ ಜಿಲ್ಲೆಯ ಪ್ರಾಣಿದಯಾ ಸಂಘಕ್ಕೂ ಕೊಟ್ಟು, ತಲಪಿತೆಂಬುದಕ್ಕೆ ರಸೀತಿ ಪಡೆಯಬೇಕು. ಹಾವು, ಕೋತಿ, ಗಿಳಿ, ನಕ್ಷತ್ರ ಆಮೆ ಮೊದಲಾದ ವನ್ಯಜೀವಿಗಳ ವಿಷಯವಾದರೆ ಅರಣ್ಯ ಇಲಾಖೆಗೆ ತಿಳಿಸುವುದು ಯುಕ್ತ. ವಿದ್ಯಾರ್ಥಿಗಳು ತಂದೆತಾಯಿಯರನ್ನೋ ಉಪಾಧ್ಯಾಯರನ್ನೋ ಜೊತೆಗೆ ಕರೆದೊಯ್ಯುವುದು ಲೇಸು.

ಮಾಡಬಾರದವುಗಳೂ ಇವೆ. ಕೋಪದಿಂದ ಜಗಳಕ್ಕೆ ನಿಲ್ಲಬಾರದು. ಗುಂಪು ಕಟ್ಟಿ ಯಾರನ್ನೂ ಹೊಡೆಯಬಾರದು, ಗಾಡಿ ತಡೆಯಬಾರದು. ದಂಡಿಸುವ ಅಧಿಕಾರ ನ್ಯಾಯಾಲಯದ್ದು. ಹಗೆ ತೀರಿಸಿಕೊಳ್ಳಲು ಸುಳ್ಳುದೂರು ಕೊಡುವುದಂತೂ ಸಲ್ಲದು. ಅದರಿಂದ ನಿಜವಾದ ದೂರುಗಳ ಬೆಲೆಯೂ ಕುಗ್ಗುತ್ತದೆ. ನೋವಿನಲ್ಲಿರುವ ಪ್ರಾಣಿ ಸಹಾಯಕ್ಕೆ ಬಂದವನನ್ನೇ ಕಚ್ಚಬಹುದು. ಜೊಲ್ಲು ಸುರಿಸುತ್ತ ತೂರಾಡುವ ನಾಯಿಗೆ ರೇಬೀಸ್ ತಗಲಿರುವ ಸಂಭವವುಂಟು. ಅದನ್ನು ಮುಟ್ಟದೆ ನಗರಸಭೆಗೋ ಪಂಚಾಯಿತಿಗೋ ಪಶುವೈದ್ಯರಿಗೋ ತಿಳಿಸಬೇಕು. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ತಡೆಯುವುದೇ ಮೇಲು

ಐವತ್ತು ರೂಪಾಯಿ ದಂಡ ತೆತ್ತ ಗಾಡಿಯವನು ಮರುದಿನ ಅದೇ ಎತ್ತನ್ನು ಅದೇ ನೊಗಕ್ಕೆ ಹೂಡಿದರೆ ಎತ್ತಿಗೆ ಬಂದ ಭಾಗ್ಯವೇನು? ಹೆಗಲಹುಣ್ಣಿಗೆ ಔಷಧಿ ಹಾಕಿಸಿ, ನೊಗಕ್ಕೆ ಮೆತ್ತೆ ಕಟ್ಟಿಸಿ, ಹುಣ್ಣು ಮಾಯುವವರೆಗೆ ಎತ್ತಿಗೆ ಬಿಡುವು ಕೊಡಿಸಿದರೆ ಅದಕ್ಕಿಂತ ಹೆಚ್ಚಿನ ಉಪಕಾರವಾಗುವುದು. ಬಿಡುವಿನ ದಿನಗಳಲ್ಲಿ ಕೂಲಿ ತಪ್ಪಿದ ಗಾಡಿಯವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂಬುದೂ ಯೋಚಿಸಬೇಕಾದ ಪ್ರಶ್ನೆಯೇ. ಆದ್ದರಿಂದ ತಿಳಿಯದೆ ಮಾಡುವವನೊಡನೆ ಮೊದಲು ಮಾತು; ತಿಳಿದೂ ಮಾಡುವವನ ಮೇಲೆ ದೂರು.

ಪ್ರತಿಯೊಂದು ಶಾಲೆಯ ವಿಜ್ಞಾನ ಸಂಘವೂ ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆಯಿಸಿ, ಊರಿನ ಎತ್ತುಗಳ ಹೆಗಲನ್ನೂ ಗೊರಸನ್ನೂ ಪರೀಕ್ಷಿಸುವ ಏರ್ಪಾಡು ಮಾಡಬಹುದು. ಎತ್ತುಗಳಿಗೆ ಮೈತೊಳೆದು ಸಿಂಗರಿಸುವ ಕಾರಹುಣ್ಣಿಮೆ ಇದಕ್ಕೆ ತಕ್ಕ ದಿನ. ಬೇಸಗೆಯಲ್ಲಿ ಸಂತೆಯ ಬಯಲಿನ ನೀರಿನ ತೊಟ್ಟಿ ಬತ್ತದಂತೆ ನೋಡಿಕೊಳ್ಳಬಹುದು. ನೋಡಿದ್ದನ್ನು ದಿನಾಂಕದೊಡನೆ ಬರೆದಿಡಲು ಒಂದು ಪುಸ್ತಕವಿರಲಿ. ಮುಂದೊಂದು ದಿನ ನ್ಯಾಯಾಲಯದಲ್ಲಿಯೋ ಪಶುವೈದ್ಯರ ಮುಂದೆಯೋ ‘ಈ ಹುಣ್ಣು ಎಂದಿನಿಂದ ಇದೆ?’ ಎಂಬ ಪ್ರಶ್ನೆ ಬಂದಾಗ ಎತ್ತು ಉತ್ತರ ಹೇಳಲಾರದು. ಆ ಪುಸ್ತಕ ಹೇಳಬಲ್ಲದು.